ಸಂಕಲ್ಪದಲ್ಲಿ ಬೇಡಿದ್ದು

ಈ ಪರದೇಶದಲ್ಲಿ ಪೌರೋಹಿತ್ಯ ಮಾಡುವ ನನ್ನ ಬಳಿ, ಸ್ಯಾಂಡ್ರಿಂಗಮ್‌ನ ನಮ್ಮ ಮನೆಗೆ, ಒಬ್ಬ ತಾಯಿ ಜೈಲಿನಲ್ಲಿದ್ದ ಮಗನ ಹೆಸರಿನಲ್ಲಿ ಪೂಜೆ ಮಾಡಿಸಲು ಬಂದಿದ್ದರು. ಒಬ್ಬ ಹುಡುಗನನ್ನು ಚಾಕುವಿನಿಂದ ಇರಿದು ಕೊಂದವನು ಮಗನ ಗೆಳೆಯ, ಮಗ ಕಾರು ಓಡಿಸಿದ್ದ. ಇಬ್ಬರಿಗೂ ಕೊಲೆಯ ಶಿಕ್ಷೆಯೇ ಆಗಿತ್ತು. ಅದನ್ನು ಮರುಪರಿಶೀಲಿಸಬೇಕೆಂದು ಕೋರಲು ಮಗ ಅರ್ಹನೇ ಎಂಬುದನ್ನು ನ್ಯಾಯಾಲಯ ಮರುದಿನ ತೀರ್ಮಾನಿಸಲಿತ್ತು.

ಪೂಜೆಯ ಸಂಕಲ್ಪದಲ್ಲಿ ಗೋತ್ರ, ನಕ್ಷತ್ರಗಳನ್ನು ಹೇಳಿ, ಬೇಡುವ ಫಲವನ್ನು ಉಚ್ಚರಿಸಬೇಕಾದಲ್ಲಿ ನಾನು ತಡವರಿಸಿ ನಿಂತೆ. ಮಾಡಿದವನಿಗೂ ನೆರವಾದವನಿಗೂ ಪಾಪ ಸಮನೆಂದು ಓದಿಕೊಂಡವನು ನಾನು. ಚಾಕು ಹಿಡಿಯದ ಕೈಗೂ ಅದೇ ಅಳತೆಯೇ?

"ಯಾಕೆ ಅಂಕಲ್, ನಿಲ್ಲಿಸಿಬಿಟ್ರಿ? ಬಿಡುಗಡೆ ಅಂತ ಹೇಳ್ಬಾರ್ದಾ?"

"ಏನು ಬೇಡ್ಬೇಕೋ ತೋಚ್ತಿಲ್ಲಮ್ಮ."

"ಬಿಡುಗಡೆ ಬೇಡ ಬಿಡಿ, ಸತ್ತ ಹುಡುಗನಿಗೂ ಅಮ್ಮ ಇದಾರೆ. ಜಡ್ಜ್ ಇನ್ನೊಂದ್ಸಲ ಕೇಳಿಸ್ಕೊಳ್ಳಲಿ, ಅಷ್ಟು ಹೇಳಿ ಸಾಕು."

ನನಗೆ ಬರುವ ಯಾವ ಸಂಸ್ಕೃತ ವಾಕ್ಯವೂ ಅದಕ್ಕೆ ಒದಗಲಿಲ್ಲ. ಆಕೆಯ ಮಾತನ್ನೇ ಕನ್ನಡದಲ್ಲಿ ಹೇಳಿ, ಅಕ್ಷತೆಯೊಂದಿಗೆ ನೀರು ಬಿಟ್ಟೆ. ವಿಧಿಗೆ ಸರಿಯಾಯಿತೋ ಇಲ್ಲವೋ, ಇಂದಿಗೂ ನನಗೆ ತಿಳಿಯದು.