ಪುಟ್ಟುವಿನ ಚಿತೆಗೆ ಕಟ್ಟಿಗೆ

ಕಾರವಾರದ ವ್ಯಸನಮುಕ್ತಿ ಕೇಂದ್ರದಲ್ಲಿ ಕುಡಿತ ಬಿಡಿಸಿಕೊಂಡು ತನ್ನೂರು ಕೇಣಿಗೆ ಮರಳಿದ ನಾಗ ಮೊದಲ ವಾರ ಬೆಳಬೆಳಿಗ್ಗೆ ಓಡತೊಡಗಿದ. ಮನಸ್ಸು ಎಳೆದಾಗೆಲ್ಲ ಮೈ ದಣಿಸಬೇಕು, ಬೆವರು ಇಳಿದರೆ ತಲೆ ತಿಳಿಯಾಗುತ್ತದೆ ಎಂದು ಅಲ್ಲಿಯ ಸಮಾಲೋಚಕಿ ಸುಮಲತಾ ಹೇಳಿಕೊಟ್ಟಿದ್ದರು. ಆದರೆ ನಮ್ಮ ಕಡೆ ಕೂಲಿ ಮಾಡುವ ಗಂಡಸು ಸುಮ್ಮಸುಮ್ಮನೆ ಓಡುವುದುಂಟೇ? ಓಡುವವನು ಸಾವಿನ ಸುದ್ದಿ ಹೊತ್ತವನೇ ಇರಬೇಕು. ಹೆಂಗಸರು ಅಂಗಳಕ್ಕೆ ಬಂದು, "ಯಾರ್ ಹೋದ್ರಾ ನಾಗಾ?" ಎಂದು ಎದೆ ಹಿಡಿದುಕೊಂಡು ಕೇಳುತ್ತಿದ್ದರು. ಕಡೆಗೆ ಹೆಂಡತಿ ಬೊಮ್ಮಿಯೇ ತಡೆದಳು. "ಓಡೂದ್ ಸಾಕು ಮಾರಾಯಾ. ಮೈ ದಣೀಬೇಕಂದ್ರೆ ಕಟ್ಟಿಗೆ ಒಡಿ."

ಅದು ಕೂಡಿಬಂತು. ಸಂಜೆ ಕುಡಿಯುವ ಆಸೆ ಎದ್ದು ಬಾಯಿ ಒಣಗುವ ಹೊತ್ತಿಗೆ ನಾಗ ಕೊಡಲಿ ಎತ್ತುತ್ತಿದ್ದ. ಏಟು ಬೀಳುತ್ತಿದ್ದಂತೆ ತಲೆಯೊಳಗಿನ ಗದ್ದಲ ಇಳಿಯುತ್ತಿತ್ತು. ಅನ್ನ ರುಚಿಸುತ್ತಿತ್ತು, ನಿದ್ದೆ ಬರುತ್ತಿತ್ತು. ಬೊಮ್ಮಿ ಅವನ ಬಾಯಿ ಮೂಸುವುದನ್ನು ಬಿಟ್ಟಳು. ಪಾಪ, ಎಷ್ಟು ವರ್ಷದಿಂದ ಮೂಸಿಕೊಂಡೇ ಬಂದಿದ್ದಳೋ ಆ ಹೆಂಗಸು.

ಮಳೆಗಾಲ ಮುಗಿಯುವ ಮುಂಚೆ ಪುಟ್ಟು ಸತ್ತ. ನಾಗನ ಜೊತೆಗೇ ಕುಡಿದವನು, ಜೊತೆಗೇ ಕಾರವಾರಕ್ಕೆ ಹೋಗಿ ಬಂದವನು. ಬಂದ ಕೆಲವೇ ದಿನಗಳಲ್ಲಿ ಹಳೇ ದಾರಿ ಹಿಡಿದಿದ್ದ. ಹೊಟ್ಟೆ ಊದಿ, ಕಣ್ಣು ಹಳದಿಯಾಗಿ ಹೋದ. ಚಿತೆಗೆ ಮಾವಿನ ಮರ ಕಡಿದು ಒಡೆಯಬೇಕು. ನಾಗನಷ್ಟು ಪಳಗಿದ ಕೈ ಊರಲ್ಲಿ ಈಗ ಬೇರೆ ಯಾರದಿತ್ತು? ಕರೆ ಬಂತು, ಹೋದ.

ಹೆಣದ ಕಟ್ಟಿಗೆ ಒಡೆದವರಿಗೆ ಸತ್ತವರ ಮನೆಯವರೇ ಶೆರೆ, ಅಂದರೆ ಸಾರಾಯಿ, ಕೊಡುವುದು ನಮ್ಮಲ್ಲಿಯ ಪದ್ಧತಿ. ಬೇಡವೆಂದರೆ ಆ ಮನೆಗೆ ಅವಮಾನ. ಗಂಡನನ್ನು ತಿಂದದ್ದೇ ಅದು ಎಂದು ಗೊತ್ತಿದ್ದೂ ಪುಟ್ಟುವಿನ ಹೆಂಡತಿ ತಿಮ್ಮಿ ಅಳುತ್ತಳುತ್ತಲೇ ಗ್ಲಾಸು ತುಂಬಿ ತಂದಳು. ಇಂಥ ಪದ್ಧತಿಗೆ ಬೆಂಕಿ ಬೀಳಲಿ! ವಾಸನೆ ಮೂಗಿಗೆ ಬಡಿದದ್ದೇ ತಡ, ನಾಗನ ಬಾಯಲ್ಲಿ ನೀರೂರಿತು. ಗೆಳೆಯನ ಹೆಣ ಅಂಗಳದಲ್ಲಿರುವಾಗ ಹೀಗೆ ಆಸೆಪಟ್ಟ ತನ್ನ ನಾಲಗೆಯ ಮೇಲೆ ಅವನಿಗೆ ಹೇಸಿಗೆಯಾಯಿತು.

"ಕುಡಿಯಾ, ಅವ್ನ ಹೆಸ್ರಲ್ಲಿ ಒಂದ್ ಗುಟುಕು," ಎಂದರು ಹಿರಿಯರು.

ನಾಗ ಗ್ಲಾಸಿಗೆ ಬೆನ್ನು ಹಾಕಿ ಕೊಡಲಿ ಎತ್ತಿದ. ಚಿತೆಗೆ ಸಾಕಾಗುವಷ್ಟು ಒಡೆದ, ಮತ್ತೂ ಒಡೆದ. ಅಂಗೈಯ ಬೊಬ್ಬೆಗಳು ಹರಿದು ಕೊಡಲಿಯ ಕಾವಿಗೆಲ್ಲ ರಕ್ತ ಮೆತ್ತಿತು. ಹೆಣ ಎತ್ತುವ ಹೊತ್ತಾಯಿತು. ಪುಟ್ಟುವಿನ ಅಣ್ಣ ರಾಜು ಬಂದು ಭುಜ ಹಿಡಿದ.

"ಸಾಕಾ ನಾಗಾ. ಇರೂದ್ ಒಂದೇ ಹೆಣ."

"ಗೊತ್ತದೆ," ಎಂದ ನಾಗ, ಕೊಡಲಿ ಇಳಿಸದೆ. "ನಾ ನಿಲ್ಸಿದ್ರೆ ಎರಡ್ ಆತದೆ."