ನನ್ನ ಕಿವಿಯ ಅಳತೆಗೆ ಕೂಡಿಸಿದ ಆಂಪ್ಲಿಫೈಯರ್

2022ರ ಮುಂಗಾರಿನಲ್ಲಿ ನಾನು ತೆಲಂಗಾಣದ ನಾರಾಯಣಪೇಟೆಯಲ್ಲಿದ್ದೆ. ಒಂದು ಧರ್ಮಾರ್ಥ ಸಂಸ್ಥೆಯಲ್ಲಿ ಆಡಿಯೋಮೆಟ್ರಿ ಟೆಕ್ನಿಷಿಯನ್, ಅಂದರೆ ಕಿವಿ ಎಷ್ಟು ಕೇಳುತ್ತದೆ ಎಂದು ಯಂತ್ರದಿಂದ ಅಳೆಯುವವನು. ಸ್ವಂತ ಊರು ರಾಯಚೂರು. ವಯಸ್ಸು ಐವತ್ತೇಳು, ಆ ಕೆಲಸದಲ್ಲಿ ಇಪ್ಪತ್ತೊಂಬತ್ತನೆಯ ವರ್ಷ. ಮದುವೆಯಾಗಿರಲಿಲ್ಲ, ಅದರ ಕಾರಣ ಈ ಬರಹಕ್ಕೆ ಬೇಕಿಲ್ಲ. ಬಸ್ ನಿಲ್ದಾಣದ ಹಿಂದೆ ಒಂದು ಮಹಡಿ ಕೋಣೆ ಬಾಡಿಗೆಗೆ ಹಿಡಿದಿದ್ದೆ. ಬೆಳಿಗ್ಗೆ ಕಿವಿ ತಪಾಸಣೆಯ ಶಿಬಿರ, ಸಂಜೆ ಖಾನಾವಳಿ, ಆಮೇಲೆ ಟಿ.ವಿ. ಭಾನುವಾರ ಬಂತೆಂದರೆ ಸೋಮವಾರಕ್ಕೆ ಕಾಯುತ್ತಿದ್ದೆ. ಎಷ್ಟೋ ಭಾನುವಾರ ಖಾನಾವಳಿಯವನಿಗೆ ಇನ್ನೊಂದು ರೊಟ್ಟಿ ಹಾಕು ಅಂದದ್ದು ಬಿಟ್ಟರೆ ಬೇರೆ ಮಾತೇ ಆಡಿರುತ್ತಿರಲಿಲ್ಲ.

ನನ್ನ ಕೆಲಸ ಸರಳ. ಆಡಿಯೋಮೀಟರ್ ಎಂಬ ಪೆಟ್ಟಿಗೆಯಿಂದ ಬೇರೆ ಬೇರೆ ಗಾತ್ರದ 'ಕುಂಯ್' ಎನ್ನುವ ಸದ್ದನ್ನು ಹೆಡ್‌ಫೋನಿಗೆ ಕಳಿಸುವುದು. ಕೇಳಿಸಿದಾಗ ಎದುರಿಗೆ ಕೂತವರು ಬೆರಳೆತ್ತಬೇಕು. ಅತಿ ಸಣ್ಣ ಸದ್ದು ಯಾವ ಅಂಕಿಗೆ ಕೇಳಿಸಿತೋ ಅದೇ ಅವರ ಕಿವಿಯ ಅಳತೆ. ಅಳತೆಯ ಮಾನ ಡೆಸಿಬೆಲ್. ಇಪ್ಪತ್ತೈದಕ್ಕೋ ಅದಕ್ಕಿಂತ ಕಡಿಮೆಗೋ ಕೇಳಿದರೆ ಕಿವಿ ಚೆನ್ನಾಗಿದೆ ಎಂದು ಬರೆಯುತ್ತಿದ್ದೆವು. ಅಂಕಿ ಏರಿದಷ್ಟೂ ಕಿವುಡು ಹೆಚ್ಚು.

ಇದರಲ್ಲಿ ಮುರಿಯಬಾರದ ಒಂದು ನಿಯಮವಿದೆ. ಯಂತ್ರ ಮತ್ತು ಹೆಡ್‌ಫೋನು ಗಂಡ ಹೆಂಡತಿ ಇದ್ದಂತೆ. ಎರಡನ್ನೂ ಪ್ರಯೋಗಾಲಯದಲ್ಲಿ ಜೊತೆಯಾಗಿಟ್ಟು ತಾಳೆ ನೋಡಿರುತ್ತಾರೆ. ಒಂದನ್ನು ಬದಲಿಸಿದರೆ ಮತ್ತೆ ಪ್ರಯೋಗಾಲಯಕ್ಕೆ ಕಳಿಸಲೇಬೇಕು. ನಾನು ಎಷ್ಟೋ ಹೊಸಬರಿಗೆ ಈ ಪಾಠ ಹೇಳಿಕೊಟ್ಟಿದ್ದೇನೆ.

ಜೂನ್ ಕೊನೆಗೆ ಇಲಿಯೊಂದು ನನ್ನ ಹೆಡ್‌ಫೋನಿನ ತಂತಿಯನ್ನು ಎರಡು ಕಡೆ ಕಡಿದು ಹಾಕಿತು. ಒಳಗಿನ ಸಣ್ಣ ಸ್ಪೀಕರೂ ಹಾಳಾಗಿತ್ತು. ಹೊಸದು ತಾಳೆಯಾಗಿ ಬರಲು ಎರಡು ತಿಂಗಳು ಬೇಕೆಂದರು. ಹತ್ತು ದಿನಕ್ಕೆ ಗದ್ವಾಲದಲ್ಲಿ ನೇಕಾರರ ಶಿಬಿರ ಗೊತ್ತಾಗಿತ್ತು. ಮುಂದೂಡಿ ಎಂದು ಒಂದು ಫೋನು ಮಾಡಿದ್ದರೆ ಸಾಕಿತ್ತು. ಆದರೆ ಶಿಬಿರವಿಲ್ಲದ ಎರಡು ತಿಂಗಳನ್ನು ಆ ಕೋಣೆಯಲ್ಲಿ ಕಳೆಯುವ ಧೈರ್ಯ ನನಗಿರಲಿಲ್ಲ. ನೇರವಾಗಿ ಹೇಳಬೇಕೆಂದರೆ ಎಲ್ಲ ತಪ್ಪಿನ ಮೂಲ ಅದೇ.

ಹೈದರಾಬಾದಿಗೆ ಹೋಗಿ ಹಾಡು ಧ್ವನಿಮುದ್ರಿಸುವವರು ಬಳಸುವ 'ಕ್ಲೋಸ್ಡ್ ಬ್ಯಾಕ್' ಹೆಡ್‌ಫೋನ್ ತಂದೆ. ಇದರ ಹಿಂಬದಿ ಪೂರ್ತಿ ಮುಚ್ಚಿರುತ್ತದೆ, ಕಿವಿಯ ಸುತ್ತ ದಪ್ಪ ಮೆತ್ತೆ ಇರುತ್ತದೆ. ಹೊರಗಿನ ಗದ್ದಲ ಒಳಗೆ ಬರುವುದಿಲ್ಲ. ಶಾಲೆಯ ಕೋಣೆಗಳಲ್ಲಿ ಶಿಬಿರ ನಡೆಸುವವನಿಗೆ ಇದಕ್ಕಿಂತ ಇನ್ನೇನು ಬೇಕು ಅನ್ನಿಸಿತು. ಕೋಣೆಗೆ ಬಂದು ಯಂತ್ರಕ್ಕೆ ಜೋಡಿಸಿ ಹಾಕಿಕೊಂಡರೆ ಸದ್ದೇ ಇಲ್ಲ. ಅಂಕಿಯನ್ನು ಬಹಳ ಮೇಲಕ್ಕೆ ಒಯ್ದ ಮೇಲೆ ಎಲ್ಲೋ ದೂರದಲ್ಲಿ ಕೇಳಿತು. ಅಂಗಡಿಯವನಿಗೆ ಫೋನು ಹಚ್ಚಿದೆ. ಈ ಮಾದರಿಗೆ ಒಳಗಿನ ಸುರುಳಿಯ ತಡೆ, ಅಂದರೆ ಇಂಪೀಡೆನ್ಸ್, ಹೆಚ್ಚು, ಇನ್ನೂರೈವತ್ತು ಓಮ್. ಸಣ್ಣ ಯಂತ್ರ ಇದನ್ನು ನೂಕಲಾರದು, ನಡುವೆ ಒಂದು ಹೆಡ್‌ಫೋನ್ ಆಂಪ್ಲಿಫೈಯರ್ ಹಾಕಿ ಎಂದ. ಅವನು ಹೇಳಿದ್ದು ಸುಳ್ಳಲ್ಲ. ಹಾಡು ಕೇಳುವವನಿಗೆ ಅದು ಸರಿಯಾದ ಸಲಹೆಯೇ.

ಅಂಗೈಯಗಲದ ಆಂಪ್ಲಿಫೈಯರ್ ತರಿಸಿ ನಡುವೆ ಕೂಡಿಸಿದೆ. ಅದಕ್ಕೊಂದು ತಿರುಗುಬಿರಡೆ. ಎಷ್ಟಕ್ಕೆ ನಿಲ್ಲಿಸಬೇಕು? ಹೋಲಿಸಿ ನೋಡಲು ಹಳೆಯ ಹೆಡ್‌ಫೋನು ಸತ್ತಿತ್ತು. ನಮ್ಮಲ್ಲಿ ದಿನಾ ಬೆಳಿಗ್ಗೆ ಯಂತ್ರವನ್ನು ಟೆಕ್ನಿಷಿಯನ್ ತನ್ನ ಕಿವಿಗೇ ಹಚ್ಚಿ ಪರೀಕ್ಷಿಸುವ ವಾಡಿಕೆಯಿದೆ; ನಾನು ಮಾತ್ರ ಎಷ್ಟೋ ವರ್ಷಗಳಿಂದ ಜೋರು ಸದ್ದೊಂದು ಬರುತ್ತದೆಯೇ ಎಂದಷ್ಟೇ ನೋಡಿ ಬಿಡುತ್ತಿದ್ದೆ. ಆರೋಗ್ಯವಂತ ಕಿವಿಗೆ ಹತ್ತು ಡೆಸಿಬೆಲ್ ಕೇಳಬೇಕು. ನನ್ನ ಕಿವಿ ಆರೋಗ್ಯವಾಗಿದೆ ಎಂದು ಹನ್ನೆರಡು ವರ್ಷದ ಹಿಂದಿನ ಪರೀಕ್ಷೆಯಲ್ಲಿ ಬಂದಿತ್ತು. ಹಾಗಾಗಿ ಯಂತ್ರದ ಅಂಕಿಯನ್ನು ಹತ್ತಕ್ಕೆ ಇಟ್ಟು, ನನಗೆ ಸದ್ದು ಕೇಳುವವರೆಗೂ ಬಿರಡೆ ತಿರುಗಿಸಿ, ಅಲ್ಲಿಗೆ ಒಂದು ತುಂಡು ಟೇಪು ಅಂಟಿಸಿದೆ. ಬಹಳ ಖುಷಿಯಾಯಿತು. ಯಾರಿಗಾದರೂ ತೋರಿಸಬೇಕು ಅನ್ನಿಸಿತು, ತೋರಿಸಲು ಯಾರೂ ಇರಲಿಲ್ಲ. ಇದ್ದಿದ್ದರೆ ಅವರು ಏನಾದರೂ ಕೇಳುತ್ತಿದ್ದರೇನೋ.

ಜುಲೈ ಎರಡನೆಯ ವಾರ ಗದ್ವಾಲದಲ್ಲಿ ಮೂರು ದಿನ ಶಿಬಿರ ನಡೆಯಿತು. ನಲವತ್ತಮೂರು ಜನ ಬಂದರು. ಎರಡನೆಯ ದಿನ ಕನ್ನಡ ಮನೆಮಾತಿನ ಇಬ್ಬರು ಅಕ್ಕತಂಗಿಯರು ಬಂದರು. ಅಕ್ಕ ಈರಮ್ಮನವರಿಗೆ ಅರವತ್ತು ದಾಟಿತ್ತು, ತಂಗಿ ಪದ್ಮಮ್ಮ ಏಳೆಂಟು ವರ್ಷ ಚಿಕ್ಕವರು. ಇಬ್ಬರೂ ನೆಲದ ಕುಣಿಯಲ್ಲಿ ಕಾಲಿಳಿಬಿಟ್ಟು ಕೂರುವ ಒಂದೇ ಕುಣಿಮಗ್ಗದಲ್ಲಿ, ಒಂದೇ ಹಲಗೆಯ ಮೇಲೆ ಪಕ್ಕಪಕ್ಕ ಕೂತು ಗದ್ವಾಲ ಸೀರೆ ನೇಯುವವರು. ಆ ಸೀರೆಯ ಒಡಲು ಹತ್ತಿ, ಅಂಚು ರೇಷ್ಮೆ. ಎರಡೂ ಕೂಡುವ ಕಡೆ ನೂಲಿಗೆ ನೂಲು ಕೊಂಡಿ ಹಾಕಬೇಕು. ಒಡಲಿನ ಲಾಳಿ ತಂಗಿಯದು, ಅಂಚಿನ ಲಾಳಿ ಅಕ್ಕನದು. ಲಾಳಿ ದಾಟಿಸುವಾಗ ತಂಗಿ 'ಹಾಂ' ಅನ್ನುತ್ತಾಳೆ, ಅಕ್ಕ ಅಂಚಿನ ನೂಲು ಕೂಡಿಸುತ್ತಾಳೆ. ಆ 'ಹಾಂ' ತಪ್ಪಿದರೆ ಒಡಲು ಮತ್ತು ಅಂಚಿನ ನಡುವೆ ಕಿಂಡಿ ಬೀಳುತ್ತದೆ. ಆ ವರ್ಷ ಕಿಂಡಿಗಳು ಬೀಳತೊಡಗಿದ್ದವು. ಅದೇ ಬೇಸಿಗೆಯಲ್ಲಿ ಪದ್ಮಮ್ಮನ ಮಗಳ ಸಂಬಂಧದ ವಿಚಾರಕ್ಕೆ ಇಬ್ಬರ ನಡುವೆ ಮಾತೂ ಬೆಳೆದಿತ್ತಂತೆ. ಇಷ್ಟನ್ನೆಲ್ಲ ಪದ್ಮಮ್ಮ ಅಕ್ಕನ ಎದುರಿಗೇ ಹೇಳಿದರು.

"ಕಿವಿ ಮಂದ ಆಗೈತೋ, ಸಿಟ್ಟಿಗೆ ಬೇಕಂತ್ಲೇ ಓ ಅನ್ನವಲ್ಲಳೋ, ನನಗ ತಿಳೀವಲ್ದು. ನೀವೊಂದು ಕಾಗದ ಬರೆದು ಕೊಡ್ರಿ ಸರ. ಕಾಗದ ಹೇಳಿದಂಗ ನಾ ಕೇಳ್ತೀನಿ."

ನಾನು ಈರಮ್ಮನವರನ್ನು ಕೂರಿಸಿ ಹೆಸರು, ವಯಸ್ಸು, ಎಷ್ಟು ವರ್ಷದ ನೇಯ್ಗೆ ಎಂದೆಲ್ಲ ಕೇಳಿದೆ. ಪ್ರತಿಯೊಂದಕ್ಕೂ ತಡೆಯದೆ ಉತ್ತರ ಕೊಟ್ಟರು. ಮುಗಿಸುವಾಗ ನಕ್ಕು, "ನಿಮ್ಮ ಮಾತು ಚೆಂದ ಕೇಳ್ತೈತ್ರಿ ಸರ. ಬ್ಯಾರೆ ಯಾರದೂ ಹಿಂಗ ಕೇಳಂಗಿಲ್ಲ" ಎಂದರು. ನಾಚಿಕೆ ಬಿಟ್ಟು ಹೇಳುತ್ತೇನೆ, ಆ ಮಾತಿಗೆ ನಾನು ಉಬ್ಬಿಹೋದೆ. ನನ್ನ ಮಾತು ಚೆಂದ ಅಂದವರು ಆ ವರ್ಷ ಅವರೊಬ್ಬರೇ.

ಪರೀಕ್ಷೆಯಲ್ಲಿ ಅವರ ಅಂಕಿ ಇಪ್ಪತ್ತೈದಕ್ಕೆ ನಿಂತಿತು. ಕಿವಿ ಚೆನ್ನಾಗಿದೆ ಎಂದು ಬರೆದು ಸಹಿ ಹಾಕಿದೆ. ಈರಮ್ಮ ಎರಡು ಸಲ, ಇನ್ನೊಮ್ಮೆ ನೋಡ್ರಿ ಅಂದರು. ಯಂತ್ರ ಸುಳ್ಳು ಹೇಳುವುದಿಲ್ಲ ಅಮ್ಮ ಎಂದೆ. ಪದ್ಮಮ್ಮ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಸೆರಗಿನಲ್ಲಿ ಕಟ್ಟಿಕೊಂಡು ಅಕ್ಕನನ್ನು ಕಾಯದೆ ಮುಂದೆ ನಡೆದುಬಿಟ್ಟರು. ಈರಮ್ಮ ಸ್ವಲ್ಪ ಹೊತ್ತು ಬೆಂಚಿನ ಮೇಲೆಯೇ ಕೂತಿದ್ದರು. ಮುಂದಿನವರನ್ನು ಕರೆದೆ.

ಸೆಪ್ಟೆಂಬರಿನಲ್ಲಿ ಮಕ್ತಲದಲ್ಲಿ ಶಿಬಿರ. ಸಂಸ್ಥೆಗೆ ಹೊಸದಾಗಿ ಬಂದಿದ್ದ ಕಿವಿ, ಮೂಗು, ಗಂಟಲಿನ ವೈದ್ಯೆ ನನ್ನ ಗದ್ವಾಲದ ವರದಿಗಳನ್ನು ನೋಡಿ ಬಂದಿದ್ದರು. ತೆಲುಗಿನಲ್ಲಿ ಮೆಲ್ಲಗೆ ಮಾತಾಡುವ ಹೆಣ್ಣುಮಗಳು. ನಲವತ್ತು ವರ್ಷ ಮಗ್ಗದ ಸದ್ದಿನಲ್ಲಿ ಕೂತವರ ಕಿವಿಗಳು ಹಸುಗೂಸಿನ ಕಿವಿಯಂತಿವೆ, ಹೇಗೆ ಸರ್ ಎಂದು ಕೇಳಿದರು. ನಾನು ಹೆಮ್ಮೆಯಿಂದಲೇ ನನ್ನ ಆಂಪ್ಲಿಫೈಯರ್ ತೋರಿಸಿದೆ. ಅವರು ಬೈಯಲಿಲ್ಲ. ತಾವು ತಂದಿದ್ದ ತಾಳೆಯಾದ ಯಂತ್ರ ತೆರೆದು, ನೀವೇ ಒಮ್ಮೆ ಕೂತುಕೊಳ್ಳಿ, ಎರಡನ್ನೂ ಹೋಲಿಸೋಣ ಎಂದರು.

ಅವರ ಹೆಡ್‌ಫೋನು ಹಾಕಿಕೊಂಡು ಬೆರಳು ಸಿದ್ಧ ಮಾಡಿಕೊಂಡು ಕೂತೆ. ಸದ್ದು ಬರಲಿಲ್ಲ. ಹುಡುಗಿಗೆ ಯಂತ್ರದ ಅಭ್ಯಾಸ ಸಾಲದು ಎಂದುಕೊಂಡೆ. ಒಂದು ನಿಮಿಷ ಕಾದು, ಶುರು ಮಾಡಿ ಮೇಡಂ ಎಂದೆ. ಅವರು ನನ್ನ ಮುಖವನ್ನೇ ನೋಡುತ್ತ ಹೆಡ್‌ಫೋನನ್ನು ಕಿವಿಯಿಂದ ಸ್ವಲ್ಪ ಸರಿಸಿದರು.

"ಆಗಲೇ ಆರು ಸಲ ಕೊಟ್ಟಾಯಿತು ಸರ್" ಎಂದು ತೆಲುಗಿನಲ್ಲಿ ಹೇಳಿದರು.

ನನ್ನ ಎರಡೂ ಕಿವಿಗಳ ಅಳತೆ ನಲವತ್ತು ಬಂತು. ಲೆಕ್ಕ ತಾನಾಗಿಯೇ ಬಿಚ್ಚಿಕೊಂಡಿತು. ನಲವತ್ತಕ್ಕೆ ಕೇಳುವ ಕಿವಿಗೆ ಹತ್ತು ಕೇಳಲಿ ಎಂದು ನಾನು ಬಿರಡೆ ತಿರುಗಿಸಿದ್ದೆ. ಅಂದರೆ ಅಂಕಿ ತೋರಿಸಿದ್ದಕ್ಕಿಂತ ಮೂವತ್ತು ಡೆಸಿಬೆಲ್ ಹೆಚ್ಚಿನ ಸದ್ದು ಪ್ರತಿಯೊಬ್ಬರ ಕಿವಿಗೂ ಹೋಗಿತ್ತು. ಕಿವುಡರೆಲ್ಲ ಕಾಗದದ ಮೇಲೆ ಕೇಳುವವರಾಗಿದ್ದರು. ನನ್ನ ಮಾತು ಈರಮ್ಮನವರಿಗೆ ಚೆಂದ ಕೇಳಿದ್ದೂ ಇದಕ್ಕೇ: ಮಂದಗಿವಿಯವನಾದ್ದರಿಂದ ನಾನು ಕಿರುಚಿ ಮಾತಾಡುತ್ತಿದ್ದೆ, ಅದು ನನಗೆ ಗೊತ್ತೇ ಇರಲಿಲ್ಲ. ಟಿ.ವಿ. ಸದ್ದು ಕಡಿಮೆ ಮಾಡು ಎನ್ನುವವರು ನನ್ನ ಕೋಣೆಯಲ್ಲಿ ಯಾರಿದ್ದರು? ತನ್ನ ಬೆನ್ನು ತನಗೆ ಕಾಣದು ಅನ್ನುತ್ತಾರೆ. ಕಿವಿಯೂ ಹಾಗೆಯೇ.

ವೈದ್ಯೆಯ ಯಂತ್ರ ಹಿಡಿದುಕೊಂಡು ಗದ್ವಾಲಕ್ಕೆ ಹೋದೆ. ನಲವತ್ತಮೂರು ಜನರ ಮನೆಮನೆಗೂ ಹೋಗಿ, ತಪ್ಪು ನನ್ನದು ಎಂದು ಹೇಳಿ ಮತ್ತೆ ಪರೀಕ್ಷೆ ಮಾಡುವುದಕ್ಕೆ ಆರು ದಿನ ಹಿಡಿಯಿತು. ಈರಮ್ಮನವರ ಮನೆಗೆ ಮೊದಲನೆಯ ದಿನವೇ ಹೋದೆ. ಮುಂದಿನ ಪಡಸಾಲೆಯಲ್ಲಿ ಮಗ್ಗ ನಡೆದಿತ್ತು. ಪದ್ಮಮ್ಮನ ಪಕ್ಕದಲ್ಲಿ ಓಣಿಯ ಬೇರೊಬ್ಬ ಹೆಂಗಸು ಕೂತಿದ್ದಳು. ಈರಮ್ಮ ಹಿಂದಿನ ಕೋಣೆಯಲ್ಲಿ ಒಬ್ಬರೇ ರಾಟೆಯ ಮುಂದೆ ಕೂತು ಲಾಳಿಯೊಳಗೆ ಕೂರುವ ಕಂಡಿಕೆಗೆ ನೂಲು ಸುತ್ತುತ್ತಿದ್ದರು. ನಾನು ಬಾಗಿಲಲ್ಲಿ ನಿಂತು ಎರಡು ಸಲ ಕರೆದರೂ ತಲೆ ಎತ್ತಲಿಲ್ಲ. ಈಗ ನಾನು ಎಚ್ಚರವಾಗಿ ಮೆಲ್ಲಗೆ ಮಾತಾಡುತ್ತಿದ್ದೆ. ಕಾಗದ ಬಂದ ದಿನದಿಂದ ಅಕ್ಕನ ಜೊತೆ ಮಾತು ಬಿಟ್ಟಿದ್ದೇನೆ ಎಂದು ಪದ್ಮಮ್ಮ ಮಗ್ಗದಿಂದಲೇ ಹೇಳಿದರು. ಎರಡು ತಿಂಗಳಾಗಿತ್ತು.

ಪರೀಕ್ಷೆ ಮಾಡಿದೆ. ಐವತ್ತೈದು. ಪಕ್ಕದಲ್ಲಿ ಕೂತವರು ಸಾಮಾನ್ಯವಾಗಿ ಆಡುವ ಮಾತು ಆ ಕಿವಿಗೆ ಹೆಚ್ಚುಕಡಿಮೆ ತಲುಪುವುದೇ ಇಲ್ಲ. ಮಗ್ಗದ ಸದ್ದಿನ ನಡುವೆ ಒಂದು 'ಹಾಂ' ಅಂತೂ ತಲುಪುವ ಪ್ರಶ್ನೆಯೇ ಇಲ್ಲ. ಎಲ್ಲವನ್ನೂ ಬಿಡಿಸಿ ಪದ್ಮಮ್ಮನಿಗೆ ಹೇಳಿದೆ. ಅವರು ಕೈಯಲ್ಲಿದ್ದ ಲಾಳಿಯನ್ನು ಕೆಳಗಿಟ್ಟರು.

"ಕೇಳಂಗಿಲ್ಲವ್ವ ಅಂತ ಮೂರು ಸಲ ಹೇಳಿದ್ಲ್ರಿ. ಕಾಗದ ತೋರಿಸಿ ಬಾಯಿ ಮುಚ್ಚಿಸಿದೆ. ನಲವತ್ತು ವರ್ಷ ಬಾಜೂಕ ಕುಂತಾಕಿ ಮಾತು ಬಿಟ್ಟು ಕಾಗದದ ಮಾತು ಕೇಳಿದೆ ನೋಡ್ರಿ."

ಅವರು ಅಳಲಿಲ್ಲ. ನನಗೆ ಅಳು ಬಂತು. ಅದನ್ನು ಕಂಡ ಈರಮ್ಮ ಏನಾಯಿತೆಂದು ಕೇಳಿದರು. ಅವರ ಎದುರು ಕೂತು, ತುಟಿ ಕಾಣುವಂತೆ ಮುಖ ಎತ್ತಿ, ದನಿ ಏರಿಸಿ, ನನ್ನ ಕಿವಿಯ ಕಥೆಯನ್ನೂ ಹೇಳಿದೆ. ಅವರಿಗೆ ಸಿಟ್ಟು ಬರಬಹುದೆಂದು ಕಾದೆ. ಅವರು ಕೇಳಿದ್ದು ಬೇರೆ.

"ನಿಮಗ ಮನ್ಯಾಗ ಯಾರೂ ಹೇಳಲಿಲ್ಲೇನ್ರಿ ಸರ?"

ಮನೆಯಲ್ಲಿ ಯಾರೂ ಇಲ್ಲ ಎಂದೆ.

"ಅಯ್ಯ ಪಾಪ" ಎಂದು ಈರಮ್ಮ ನನ್ನ ಮುಂಗೈ ಹಿಡಿದರು. "ನನಗ ಬೈಯಾಕರ ತಂಗಿ ಇದ್ಲು."

ಮಗ್ಗದ ವಿಷಯ ಅವರೇ ಬಗೆಹರಿಸಿಕೊಂಡರು. ಸಂಸ್ಥೆಯಿಂದ ಕೊಟ್ಟ ಶ್ರವಣ ಸಾಧನ ಮನೆಮಾತಿಗೆ ಸರಿಹೋಯಿತು. ಮಗ್ಗದ ಮುಂದೆ ಹಾಕಿಕೊಂಡರೆ ಅದು ಮಗ್ಗದ ಸದ್ದನ್ನೂ ಹಿಗ್ಗಿಸಿ ತಲೆನೋವು ತರುತ್ತಿತ್ತು. ಅದನ್ನು ತೆಗೆದಿಟ್ಟು ಕೂರು ಎಂದರಂತೆ ತಂಗಿ. ಆಮೇಲೆ ಪದ್ಮಮ್ಮ 'ಹಾಂ' ಅನ್ನುವ ಬದಲು, ಇಬ್ಬರೂ ಕೂತ ಹಲಗೆಯ ಮೇಲೆ ಒಮ್ಮೆ ಬೆರಳ ಗೆಣ್ಣಿನಿಂದ ತಟ್ಟತೊಡಗಿದರು. ತಟ್ಟಿದ್ದು ಅಕ್ಕನ ಮೈಗೆ ತಿಳಿಯುತ್ತದೆ. ದೀಪಾವಳಿಯ ಹೊತ್ತಿಗೆ ನಾನು ಮತ್ತೆ ಹೋದಾಗ ಮಗ್ಗದ ಮೇಲಿದ್ದ ಸೀರೆಯಲ್ಲಿ ಒಂದೂ ಕಿಂಡಿ ಇರಲಿಲ್ಲ. ಇಬ್ಬರೂ ಜಗಳವಾಡುತ್ತಿದ್ದರು, ಈ ಸಲ ಕೂಗಿ ಕೂಗಿ.

ಸಂಸ್ಥೆ ನನಗೆ ಲಿಖಿತ ಎಚ್ಚರಿಕೆ ಕೊಟ್ಟಿತು. ಅದು ಕಡಿಮೆಯೇ ಆಯಿತು. ಮರುವರ್ಷ ನಿವೃತ್ತನಾದೆ. ಮುಚ್ಚಿದ ಹೆಡ್‌ಫೋನಿಗೆ ಬೇರೆ ಆಂಪ್ಲಿಫೈಯರ್ ಬೇಕೇ ಎಂದು ನನ್ನ ಕೆಲಸ ಗೊತ್ತಿರುವವರು ಈಗಲೂ ಕೇಳುತ್ತಾರೆ. ಹಿಂಬದಿ ಮುಚ್ಚಿದೆಯೋ ಇಲ್ಲವೋ ಎಂಬುದಕ್ಕೂ ಆಂಪ್ಲಿಫೈಯರಿಗೂ ಸಂಬಂಧವಿಲ್ಲ. ಸುರುಳಿಯ ತಡೆ ಮೂವತ್ತು ಓಮ್ ಆಸುಪಾಸಿನಲ್ಲಿದ್ದು, ಮೊಬೈಲಿನಲ್ಲೇ ಸಾಕಷ್ಟು ಕೇಳುತ್ತಿದ್ದರೆ ಬೇಡ. ಇನ್ನೂರೈವತ್ತರಂಥ ಹೆಚ್ಚಿನ ತಡೆಯದಾಗಿದ್ದು, ಪೂರ್ತಿ ಏರಿಸಿದರೂ ಸಪ್ಪಗಿದ್ದರೆ ಬೇಕಾಗಬಹುದು. ಆದರೆ ಕೊಳ್ಳುವ ಮೊದಲು ಅದೇ ಹೆಡ್‌ಫೋನನ್ನು ಮನೆಯಲ್ಲಿ ಇನ್ನೊಬ್ಬರ ಕಿವಿಗೆ ಹಾಕಿ ಕೇಳಿ ಎನ್ನುತ್ತೇನೆ. ಕಡಿಮೆ ಇರುವುದು ಹೆಡ್‌ಫೋನಿನಲ್ಲೋ ಕಿವಿಯಲ್ಲೋ ಎಂದು ಒಬ್ಬನೇ ಕೂತು ತಿಳಿಯಲು ಆಗುವುದಿಲ್ಲ. ಮೂವತ್ತು ವರ್ಷದ ನೌಕರಿ ನನಗೆ ಕಲಿಸಿದ್ದು ಇಷ್ಟೇ.

ನಿವೃತ್ತಿಗೆ ಮುಂಚೆ ನಮ್ಮ ತಪಾಸಣಾ ಫಾರ್ಮಿಗೆ ಒಂದು ಸಾಲು ಸೇರಿಸಲು ಕೇಳಿಕೊಂಡೆ, ಒಪ್ಪಿದರು: 'ಇವರ ಕಿವಿಯ ಬಗ್ಗೆ ಮನೆಯವರು ಏನು ಹೇಳುತ್ತಾರೆ?' ಈಗ ವರ್ಷಕ್ಕೊಮ್ಮೆ ನಾನೂ ಪರೀಕ್ಷೆಗೆ ಹೋಗುತ್ತೇನೆ. ಫಾರ್ಮನ್ನು ನನ್ನ ಕೈಯಿಂದಲೇ ತುಂಬುತ್ತೇನೆ. ಆ ಒಂದು ಸಾಲನ್ನು ಮಾತ್ರ ಖಾಲಿ ಬಿಟ್ಟು ಕೊಡುತ್ತೇನೆ.