ಗಂಗಮ್ಮ ಮೇಡಂ ನಿಲ್ಲಿಸಿದ ಇಂಗ್ಲಿಷ್

ನಾನು “ಸಿಟ್ ಡೌನ್” ಎಂದೆ. ಒಬ್ಬ ಹುಡುಗಿಯೂ ಕೂರಲಿಲ್ಲ. ಮತ್ತೊಮ್ಮೆ ಗಟ್ಟಿಯಾಗಿ ಎಂದೆ. ಇಡೀ ತರಗತಿ ನಿಂತುಕೊಂಡು ನನ್ನ ಬಾಯಿಯನ್ನೇ ನೋಡುತ್ತಿತ್ತು. ಕೊನೆಗೆ ಮುಂದಿನ ಬೆಂಚಿನವಳು ಪಿಸುಗುಟ್ಟಿದಳು: “ಮಿಸ್, ನೀವು ‘ಅಂದ್ರೆ’ ಹೇಳ್ಲೇ ಇಲ್ವಲ್ಲ.”

ಗುಬ್ಬಿಯಲ್ಲಿ ಇಂಗ್ಲಿಷ್ ಮಾತಿಗೆ ಎರಡು ಭಾಗ ಇರುತ್ತದೆಂದು ಅವತ್ತು ತಿಳಿಯಿತು. “ಸಿಟ್ ಡೌನ್ ಅಂದ್ರೆ ಕೂತ್ಕೊಳಿ.” ‘ಅಂದ್ರೆ’ ಬರುವವರೆಗೆ ಯಾರೂ ಅಲುಗಾಡುವುದಿಲ್ಲ. ಮಂಗಳೂರಿನ ನಮ್ಮ ಕಾನ್ವೆಂಟಿನಲ್ಲಿ ಕನ್ನಡ ಬಾಯಿಗೆ ಬಂದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಇಲ್ಲಿ ಕನ್ನಡ ಬರದಿದ್ದರೆ ಕೂರುವುದೇ ಇಲ್ಲ. ಇವರೆಲ್ಲ ಸೇರಿ ನನ್ನನ್ನು ಆಡಿಸುತ್ತಿದ್ದಾರೆಂದೇ ಅಂದುಕೊಂಡೆ.

ಇದು ಎರಡು ವರ್ಷದ ಹಿಂದೆ, ಎಪ್ಪತ್ತೊಂಬತ್ತರ ಮಾತು. ಬಾಡಿಗೆ ಕೋಣೆ ಸಿಕ್ಕಿದ್ದು ಗಂಗಮ್ಮ ಮೇಡಂ ಮನೆಯಲ್ಲಿ. ಕುಣಿಗಲ್ ಕಡೆಯವರು, ಅದೇ ಶಾಲೆಯ ಎಂಟನೆಯ ತರಗತಿಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದರು. ಮೊದಲ ದಿನವೇ ಮುದ್ದೆ ಬಡಿಸಿ, “ಅಗೀಬೇಡಿ, ನುಂಗಿ” ಎಂದು ನನ್ನ ಗಂಟಲನ್ನೇ ನೋಡುತ್ತಾ ಕೂತರು. ಕುಚ್ಚಲಕ್ಕಿ ಗಂಜಿ ಉಂಡು ಬೆಳೆದವಳಿಗೆ ಅದೂ ಒಂದು ಪರೀಕ್ಷೆ. ಕೇಳಿದೊಡನೆ ಕೋಣೆ ಕೊಟ್ಟರಲ್ಲ, ಯಾಕೆ? ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಅಮ್ಮ ಹೇಳಿಯೇ ಕಳಿಸಿದ್ದಳು.

ವಾರದೊಳಗೆ ಅವರು ನನ್ನ ಹತ್ತನೆಯ ತರಗತಿಯ ಹಿಂದಿನ ಬೆಂಚಿನಲ್ಲಿ ನೋಟ್‌ಬುಕ್ ಹಿಡಿದು ಕೂರತೊಡಗಿದರು. ಅಲ್ಲಿಗೆ ಖಾತ್ರಿಯಾಯಿತು: ಹೆಡ್‌ಮಾಸ್ಟರ್ ಕಳಿಸಿದ ಬೇಹುಗಾರ್ತಿ! ನಾನೇನು ಕಡಿಮೆಯೇ? ಅವರ ಇಂಗ್ಲಿಷನ್ನು ನಾನೂ ಬರೆದಿಡತೊಡಗಿದೆ. “ಯೂ ಪೀಪಲ್ ಆರ್ ವಾಂಟೆಡ್ಲಿ ಟಾಕಿಂಗ್.” ವಾಂಟೆಡ್ಲಿ ಎಂದರೆ ಬೇಕೆಂತಲೇ, ಊರಲ್ಲಿ ನಾನು ಕೇಳಿರದ ಪದ. ನನ್ನ ಮೇಲೆ ದೂರು ಹೋದರೆ ನನ್ನ ಕೈಯಲ್ಲೂ ಏನಾದರೂ ಇರಲಿ ಎಂದು.

ಶಾಲಾ ವಾರ್ಷಿಕೋತ್ಸವಕ್ಕೆ ಇಂಗ್ಲಿಷ್ ನಾಟಕ ಬರೆಯುವ ಕೆಲಸ ನನಗೆ ಬಂತು. ಪಠ್ಯದ ನಾಟಕಗಳಲ್ಲಿ ರೈತನೂ ರಾಜನೂ ಒಂದೇ ಲಂಡನ್ ಇಂಗ್ಲಿಷ್ ಆಡುತ್ತಾರೆ. ನನ್ನ ನಾಟಕದವರು ತುಮಕೂರಿನ ಶಿರಾ ಗೇಟಿನಲ್ಲಿ ಬಸ್ಸಿಗೆ ಕಾಯುವವರು. ಅವರಿಂದ ಇಲ್ಲಿಯ ಇಂಗ್ಲಿಷನ್ನೇ ಆಡಿಸಿದೆ. ಹೆಮ್ಮೆಯೂ ಇತ್ತು, ಸುಳ್ಳು ಯಾಕೆ ಹೇಳಲಿ. ಟೀಚರ್ ಪಾತ್ರಕ್ಕಂತೂ ಮಾತು ಹುಡುಕಬೇಕಾಗಿರಲಿಲ್ಲ. ಬರೆದಿಟ್ಟದ್ದನ್ನು ತೆರೆದರೆ ಸಾಕಿತ್ತು.

ವೇದಿಕೆಯ ಮೇಲೆ ಟೀಚರ್ ಪಾತ್ರದ ಹುಡುಗಿ ಸೆರಗು ಸಿಕ್ಕಿಸಿ “ವಾಂಟೆಡ್ಲಿ” ಎಂದಳು. ಇಡೀ ಶಾಲೆ ಗೊಳ್ಳೆಂದು ನಕ್ಕು, ತಿರುಗಿ ಗಂಗಮ್ಮನವರನ್ನು ನೋಡಿತು. ಅವರೂ ನಗಲು ನೋಡಿದರು; ಆಗಲಿಲ್ಲ.

ಮನೆಗೆ ಬಂದ ಮೇಲೆ ನನ್ನ ಬಾಗಿಲಲ್ಲಿ ನಿಂತರು.

“ಬೇಕೂಂತ್ಲೇ ಬರದ್ರಾ?”

ಅವರು ತಮ್ಮ ನೋಟ್‌ಬುಕ್ಕನ್ನು ಮೇಜಿನ ಮೇಲಿಟ್ಟರು.

“ಇನ್ಸ್‌ಪೆಕ್ಟ್ರು ಬಂದಾಗ ಮರ್ಯಾದೆ ಹೋಗ್ಬಾರ್ದು ಅಂತ ನಿಮ್ಮಂಗೆ ಮಾತಾಡೋದು ಕಲೀತಿದ್ದೆ ಕಣ್ರೀ. ಇನ್ನೇನ್ ಬುಡಿ.”

ಪುಟ ತುಂಬ ನನ್ನ ವಾಕ್ಯಗಳು, ಕನ್ನಡ ಅಕ್ಷರದಲ್ಲಿ, ನಾನು ಎಲ್ಲಿ ಉಸಿರು ತೆಗೆದುಕೊಳ್ಳುತ್ತೇನೆಂಬ ಗುರುತಿನ ಸಮೇತ. ನಾಚಿಕೆಯಿಂದ ಕುಗ್ಗಿಹೋದೆ. ಬೇಹು ನಡೆಸಿದ್ದು ನಾನು.

ಕ್ಷಮೆ ಕೇಳಿದೆ. ಕೋಣೆ ತಪ್ಪಲಿಲ್ಲ, ಮುದ್ದೆಯೂ ತಪ್ಪಲಿಲ್ಲ. ಆದರೆ ಇವತ್ತಿಗೂ ಅವರ ತರಗತಿಯ ಬಾಗಿಲಲ್ಲಿ ನನ್ನ ತಲೆ ಕಂಡರೆ ಇಂಗ್ಲಿಷ್ ನಿಂತುಹೋಗಿ, ಬರೀ “ಕೂತ್ಕೊಳಿ” ಉಳಿಯುತ್ತದೆ.

ಈ ಸಲ ರಜೆಗೆ ಊರಿಗೆ ಹೋದಾಗ ತಂಗಿಯ ಮಗುವಿಗೆ “ಕಮ್ ಹಿಯರ್ ಅಂದ್ರೆ ಬಾ” ಎಂದೆ. ತಂಗಿ ಬಿದ್ದು ಬಿದ್ದು ನಕ್ಕಳು. “ಎಂತ ಮಾರಾಯ್ತಿ, ನಿನ್ನ ಇಂಗ್ಲಿಷ್ ಹೀಗಾಗಿದೆ!” ರಜೆ ಮುಗಿಯುವವರೆಗೆ ಅವಳೆದುರು ನಾನು ಇಂಗ್ಲಿಷ್ ಆಡಲಿಲ್ಲ.

ಗುಬ್ಬಿಗೆ ಮರಳಿದ್ದೇನೆ. ಎಂಟನೆಯ ತರಗತಿಯ ಮುಂದೆ ಹೋಗುವುದನ್ನು ಬಿಟ್ಟಿದ್ದೇನೆ. ಮೈದಾನ ಸುತ್ತಿ ಹೋಗುತ್ತೇನೆ. ಅಲ್ಲಿಗೆ ಗಂಗಮ್ಮ ಮೇಡಂ ಇಂಗ್ಲಿಷ್ ಇಡಿಯಾಗಿ ಕೇಳಿಸುತ್ತದೆ.